ಪೈಪಿಗಾಗಿ ತೊಲೆ ಕೊರೆಸುವ ಮುನ್ನ

ಮನೆ ಕಟ್ಟಿಸುತ್ತಿರುವವರು, ಸ್ನಾನದ ಮನೆಯ ಜಾಗ ಬದಲಿಸಲು ಹೊರಟವರು ಓದಲೆಂದು ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೂ ಸಾಕಷ್ಟಿದೆ.

ಸ್ಲ್ಯಾಬ್ ಹಾಕಿದ ಮೇಲೆ ನಾವು ಸ್ನಾನದ ಮನೆಯನ್ನು ಬೇರೆಡೆಗೆ ಸರಿಸಿದ್ದರಿಂದ, ನೀರು ಹೊರಹೋಗುವ ಪೈಪಿಗೆ 450 ಮಿ.ಮೀ. ಆಳದ ತೊಲೆಯೊಂದು ಅಡ್ಡ ಬಂತು. ತೊಲೆಯ ಕೆಳಗಿನಿಂದ ಒಯ್ದರೆ ಪೈಪ್ ಕಣ್ಣಿಗೆ ಬೀಳುತ್ತದೆಂಬ ಒಂದೇ ಕಾರಣಕ್ಕೆ, ಕಂಬದಿಂದ ಒಂದು ಅಡಿ ದೂರದಲ್ಲಿ ತೊಲೆಯನ್ನೇ ಕೊರೆಯಲು ನಾನು ಒಪ್ಪಿದೆ. ಕೆಲಸದವರು ಬ್ರೇಕರ್‌ನಿಂದ ಒಡೆದು 150 ಮಿ.ಮೀ. ಚೌಕದ ರಂಧ್ರ ಮಾಡಿದರು. ನಡುವೆ ಸಿಕ್ಕ ಎರಡು ರಿಂಗುಗಳನ್ನು, ಅಂದರೆ ತೊಲೆಯ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಕಬ್ಬಿಣದ ಬಳೆಗಳನ್ನು, ಕತ್ತರಿಸಿಹಾಕಿದರು. "ಕೆಳಗಿನ ದಪ್ಪ ಕಂಬಿ ಮುಟ್ಟಿಲ್ಲ ಸರ್, ಏನೂ ಆಗೋದಿಲ್ಲ" ಎಂದು ಗುತ್ತಿಗೆದಾರರು ಹೇಳಿದ್ದು ನನಗೂ ಸರಿಯೆಂದೇ ತೋರಿತು.

ಮಹಡಿಯ ಗೋಡೆಗಳು ಎದ್ದ ಮೇಲೆ ರಂಧ್ರದ ಒಂದು ಕೆಳಮೂಲೆಯಿಂದ ಕಂಬದತ್ತ ಓರೆಯಾಗಿ ಇಳಿದ ಬಿರುಕೂ, ಅದರ ಎದುರಿನ ಮೇಲ್ಮೂಲೆಯಿಂದ ತೊಲೆಯ ನಡುಭಾಗದತ್ತ ಏರಿದ ಇನ್ನೊಂದು ಬಿರುಕೂ ಕಾಣಿಸಿಕೊಂಡವು. ಗಾರೆಯ ಬಿರುಕಿರಬಹುದೆಂದು ಪುಟ್ಟಿ ತುಂಬಿಸಿದೆ. ಕೆಲವೇ ವಾರಗಳಲ್ಲಿ ಪುಟ್ಟಿಯೂ ಸೀಳಿತು.

ಆಗ ಕರೆಸಿದ ಸ್ಟ್ರಕ್ಚರಲ್ ಎಂಜಿನಿಯರ್, ಬೇರೆ ಮಾತಿಗೆ ಮೊದಲು ತೊಲೆಯ ಕೆಳಗೆ ಜಾಕಿಗಳನ್ನು ನಿಲ್ಲಿಸಿದರು. ಆಮೇಲೆ ಅವರು ಹೇಳಿದ್ದು ನನ್ನ ತಿಳಿವಳಿಕೆಯನ್ನೇ ತಲೆಕೆಳಗು ಮಾಡಿತು. ಕೆಳಗಿನ ಕಂಬಿಗಳು ಮುಖ್ಯವಾಗಿ ತೊಲೆಯ ನಡುಭಾಗ ಬಾಗುವುದನ್ನು ತಡೆಯುತ್ತವೆ. ಆದರೆ ಕಂಬದ ಬಳಿ ಅತಿ ಹೆಚ್ಚಾಗಿರುವುದು ಶಿಯರ್ ಬಲ, ಅದು ಕಾಂಕ್ರೀಟನ್ನು ಓರೆಯಾಗಿ ಸೀಳಲು ನೋಡುತ್ತದೆ, ಆ ಸೀಳನ್ನು ಹೊಲಿಗೆಯಂತೆ ಹಿಡಿದಿಡುವುದು ನಾವು ಕತ್ತರಿಸಿದ್ದ ಆ ರಿಂಗುಗಳೇ. ಬಾಗಿ ಸೋಲುವ ತೊಲೆ ಸಾಮಾನ್ಯವಾಗಿ ಜೋತುಬಿದ್ದು ಮೊದಲೇ ಸೂಚನೆ ಕೊಡುತ್ತದೆ, ಶಿಯರ್‌ನಿಂದ ಸೋಲುವುದು ಹಠಾತ್ತನೆ ಮುರಿಯಬಹುದು. ಚೌಕದ ಚೂಪು ಮೂಲೆಗಳಲ್ಲಿ ಒತ್ತಡ ಒಟ್ಟುಗೂಡುವುದರಿಂದ ಬಿರುಕು ಅಲ್ಲಿಂದಲೇ ಹೊರಟಿತ್ತು. ದುಂಡು ರಂಧ್ರವಾಗಿದ್ದರೆ ಈ ತೊಂದರೆ ಕಡಿಮೆಯಿರುತ್ತಿತ್ತು, ನಿಜ. ಆದರೆ ಕತ್ತರಿಸಿದ ರಿಂಗು ದುಂಡು ರಂಧ್ರದಲ್ಲೂ ಕತ್ತರಿಸಿದ್ದೇ.

ಸಿಮೆಂಟು ತುಂಬಿ ರಂಧ್ರ ಮುಚ್ಚಿದರೆ ಸಾಲದೇ ಎಂದು ಕೇಳಿದೆ. ತುಂಬಿದ ಗಾರೆ ಖಾಲಿ ಜಾಗವನ್ನು ಮುಚ್ಚೀತೇ ಹೊರತು ತುಂಡಾದ ಕಬ್ಬಿಣವನ್ನು ಕೂಡಿಸುವುದಿಲ್ಲ ಎಂದರು.

ಪೈಪ್ ತೊಲೆಯನ್ನು ದಾಟಲೇಬೇಕೆಂದಿದ್ದರೆ ಅದು ಕಾಂಕ್ರೀಟ್ ಹಾಕುವ ಮೊದಲೇ ನಕ್ಷೆಯಲ್ಲಿರಬೇಕು. ಕಂಬಗಳಿಂದ ದೂರವಾಗಿ, ಸಾಮಾನ್ಯವಾಗಿ ತೊಲೆಯ ಎತ್ತರದ ನಡುವಿನಲ್ಲಿ ಸಣ್ಣ ದುಂಡು ಸ್ಲೀವ್ (ಪೈಪ್ ತೂರಿಹೋಗಲು ಬಿಡುವ ಕೊಳವೆ ತುಂಡು) ಇಟ್ಟು, ಅದರ ಎರಡೂ ಪಕ್ಕಕ್ಕೆ ಒತ್ತಾಗಿ ಹೆಚ್ಚುವರಿ ರಿಂಗುಗಳನ್ನೂ ಎಂಜಿನಿಯರ್ ಲೆಕ್ಕದಂತೆ ಓರೆ ಕಂಬಿಗಳನ್ನೂ ಕಟ್ಟಿಸಬೇಕು. ರಂಧ್ರ ದೊಡ್ಡದಾದಂತೆ ಅದರ ಮೇಲಿನ ಮತ್ತು ಕೆಳಗಿನ ಪಟ್ಟಿಗಳು ಎರಡು ಪುಟ್ಟ ತೊಲೆಗಳಂತೆ ಪ್ರತ್ಯೇಕವಾಗಿ ಬಾಗತೊಡಗುತ್ತವೆ, ಆಗ ಅವಕ್ಕೆ ಬೇರೆಯದೇ ಲೆಕ್ಕ ಬೇಕಾಗುತ್ತದೆ. ಹಾಕಿ ಮುಗಿದ ತೊಲೆಯನ್ನು ಕಂಬಿಗಳ ಜಾಗ ಸ್ಕ್ಯಾನ್ ಮಾಡಿಸದೆ, ವಿನ್ಯಾಸ ಮಾಡಿದವರ ಲಿಖಿತ ಒಪ್ಪಿಗೆಯಿಲ್ಲದೆ ಯಾರಿಗೂ ಮುಟ್ಟಗೊಡಬೇಡಿ. ನಿಮ್ಮಲ್ಲಿ ಈಗಾಗಲೇ ಇಂಥ ರಂಧ್ರವಿದ್ದು ಮೂಲೆಯಿಂದ ಓರೆ ಬಿರುಕು ಹೊರಟಿದ್ದರೆ ಪುಟ್ಟಿ ತರಬೇಡಿ, ಕೆಳಗಿನ ಓಡಾಟ ನಿಲ್ಲಿಸಿ ಎಂಜಿನಿಯರನ್ನು ಕರೆಸಿ.

ನಮ್ಮ ತೊಲೆಯ ಎರಡೂ ಬದಿಗೆ ಈಗ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ತಗಡುಗಳಿವೆ. ಪೈಪ್ ತೊಲೆಯ ಕೆಳಗಿನಿಂದಲೇ, ಎಲ್ಲರಿಗೂ ಕಾಣುವಂತೆ, ಹೋಗುತ್ತಿದೆ.