ಹಿಂಬದಿ ಕ್ಯಾಮೆರಾಕ್ಕೆ ಯಾವ ಸ್ವಿಚ್? ನಾಲ್ಕು ಬಗೆಯ ವೈರಿಂಗ್ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಮೂರು ಸ್ಥಾನದ ಸ್ವಿಚ್ಚಿಗೆ. ಮೇಲಕ್ಕೆ ತಳ್ಳಿದರೆ ಕ್ಯಾಮೆರಾ ಸದಾ ಚಾಲೂ, ಕೆಳಕ್ಕೆ ತಳ್ಳಿದರೆ ರಿವರ್ಸ್ ಗೇರ್ ಹಾಕಿದಾಗ ಮಾತ್ರ, ನಡುವೆ ನಿಲ್ಲಿಸಿದರೆ ಪೂರ್ತಿ ಬಂದ್. ಇಲ್ಲಿಗೆ ಬರುವ ಮೊದಲು ಬೇರೆ ಮೂರು ಬಗೆಯಲ್ಲಿ ತಂತಿ ಎಳೆದು, ಬಿಚ್ಚಿ, ಮತ್ತೆ ಎಳೆದಿದ್ದೇನೆ. ಅವುಗಳಲ್ಲಿ ಒಂದು ನಡುರಸ್ತೆಯಲ್ಲೇ ನನ್ನ ಮಾನ ಕಳೆಯಿತು.

ಕ್ಯಾಂಪರ್ ವ್ಯಾನಿನ ಒಳಗನ್ನಡಿ ಇದ್ದೂ ಇಲ್ಲದಂತೆ. ಅದರಲ್ಲಿ ಕಾಣುವುದು ಹಾಸಿಗೆ, ಬೀರು ಮತ್ತು ಒಣಗಲು ಹಾಕಿದ ಟವೆಲ್ಲು. ಹಾಗಾಗಿ ಕ್ಯಾಮೆರಾ ನನಗೆ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಮಾತ್ರವಲ್ಲ, ಓಡಿಸುವಾಗಲೂ ಬೇಕು. ರಾತ್ರಿ ನಿಲ್ಲಿಸಿ ಮಲಗಿದ ಮೇಲೆ ಹೊರಗೆ ಏನಾದರೂ ಸದ್ದಾದರೆ ಆಗಲೂ ಬೇಕು. ಈ ಮೂರರಲ್ಲಿ ಮೊದಲನೆಯದೊಂದೇ ಸಾಕು ಎನ್ನುವವರು ಮುಂದೆ ಓದುವ ಅಗತ್ಯವೇ ಇಲ್ಲ. ರಿವರ್ಸ್ ದೀಪದ ತಂತಿಗೆ ಜೋಡಿಸಿ ಸುಮ್ಮನಾಗಬಹುದು.

ನಾನೂ ಮೊದಲು ಮಾಡಿದ್ದು ಅದನ್ನೇ. ಕ್ಯಾಮೆರಾದ ಡಬ್ಬಿಯಲ್ಲಿ ಬಂದ ಚೀಟಿ ಹೇಳಿದ್ದೂ ಅದನ್ನೇ. ಗೇರ್ ಹಾಕಿದ ಕೂಡಲೇ ಕರೆಂಟು ಬರುತ್ತದೆ, ತೆಗೆದರೆ ಹೋಗುತ್ತದೆ, ಮರೆಯುವ ಮಾತೇ ಇಲ್ಲ. ಆದರೆ ನನ್ನ ಪರದೆ ಕಣ್ಣುಬಿಡಲು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಅವಸರದವನಾದ ನಾನು ಅಷ್ಟರಲ್ಲಿ ಅರ್ಧ ದಾರಿ ಹಿಂದಕ್ಕೆ ಹೋಗಿರುತ್ತೇನೆ.

ಎರಡನೆಯದು ನನ್ನ ಸ್ವಂತ ಜಾಣತನ. ರಿವರ್ಸ್ ದೀಪದಿಂದ ಬಂದ ತಂತಿಯನ್ನು ಹಾಗೆಯೇ ಬಿಟ್ಟೆ. ವ್ಯಾನಿನೊಳಗಿನ ಎರಡನೇ ಬ್ಯಾಟರಿಯಿಂದ ಇನ್ನೊಂದು ತಂತಿ ತಂದು, ನಡುವೆ ಸಾದಾ ಆನ್-ಆಫ್ ಸ್ವಿಚ್ ಮತ್ತು 2 ಆಂಪಿಯರ್ ಫ್ಯೂಸ್ ಹಾಕಿ, ಎರಡನ್ನೂ ಕ್ಯಾಮೆರಾದ ಕೆಂಪು ತಂತಿಗೆ ಸೇರಿಸಿದೆ. ಸ್ವಿಚ್ ಒತ್ತಿದೆ. ಫ್ಯೂಸ್ ಹಾರಿತು. ಕ್ಯಾಮೆರಾ ಮತ್ತು ಪರದೆ ಸೇರಿ ಎಳೆಯುವುದು 0.6 ಆಂಪಿಯರ್ ಎಂದು ಮೀಟರಿನಲ್ಲಿ ನಾನೇ ಅಳೆದಿದ್ದೆ. ಹಾಗಿದ್ದರೂ 2 ಆಂಪಿಯರ್ ಫ್ಯೂಸ್ ಏಕೆ ಹಾರಿತು ಎಂದು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳದೆ 5 ಆಂಪಿಯರ್ ಫ್ಯೂಸ್ ತುರುಕಿದೆ. ಚಿತ್ರ ಬಂತು. ಗೆದ್ದೆ ಎಂದುಕೊಂಡೆ.

ಅಂದು ರಾತ್ರಿ ಹೆದ್ದಾರಿಯಲ್ಲಿ ಪರದೆ ನೋಡಿ ಬೆರಗಾದೆ. ಕತ್ತಲಲ್ಲೂ ರಸ್ತೆಯ ಬಿಳಿ ಗೆರೆ, ಅಂಚಿನ ಜಲ್ಲಿಕಲ್ಲು ಎಲ್ಲವೂ ಸ್ಪಷ್ಟ. ಪಕ್ಕದಲ್ಲಿ ಕುಳಿತಿದ್ದ ಹೆಂಡತಿಗೆ ಆ ಪುಟ್ಟ ಕ್ಯಾಮೆರಾದ ರಾತ್ರಿದೃಷ್ಟಿಯನ್ನು ಬಾಯಿತುಂಬ ಹೊಗಳಿದೆ. ಹಿಂದಿನ ಲಾರಿಯವನು ಒಂದೇ ಸಮನೆ ಹೆಡ್‌ಲೈಟ್ ಮಿಟುಕಿಸುತ್ತಿದ್ದ. ದಾರಿ ಬಿಟ್ಟರೂ ಮುಂದೆ ಹೋಗಲೊಲ್ಲ. ಕೊನೆಗೆ ಗಾಡಿ ನಿಲ್ಲಿಸಿ ಹಿಂದಕ್ಕೆ ನಡೆದು ಹೋದಾಗ ಗೊತ್ತಾಯಿತು, ಹೊಗಳಿಕೆ ಸಲ್ಲಬೇಕಾದದ್ದು ಕ್ಯಾಮೆರಾಕ್ಕಲ್ಲ. ಎರಡೂ ರಿವರ್ಸ್ ದೀಪಗಳು ಝಗಝಗಿಸುತ್ತಿದ್ದವು. ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೆ ಹೋಗುತ್ತ, ಹಿಂದಕ್ಕೆ ಬರುತ್ತಿದ್ದೇನೆಂದು ಊರಿಗೆಲ್ಲ ಸಾರುತ್ತಿದ್ದೆ.

ತಂತಿಗೆ ದಿಕ್ಕು ಗೊತ್ತಿಲ್ಲ, ತಪ್ಪು ಇರುವುದು ಇಷ್ಟೇ. ದೀಪದಿಂದ ಕ್ಯಾಮೆರಾಕ್ಕೆ ಕರೆಂಟು ತರುವ ತಂತಿಯಲ್ಲೇ ನನ್ನ ಸ್ವಿಚ್ಚಿನ ಕರೆಂಟು ಕ್ಯಾಮೆರಾದ ಕಡೆಯಿಂದ ದೀಪಕ್ಕೂ ಹರಿಯಿತು. 21 ವ್ಯಾಟಿನ ಎರಡು ಬಲ್ಬು ಎಂದರೆ 12 ವೋಲ್ಟಿನಲ್ಲಿ 3.5 ಆಂಪಿಯರ್. ಬಡಪಾಯಿ 2 ಆಂಪಿಯರ್ ಫ್ಯೂಸ್ ಸತ್ಯವನ್ನೇ ಹೇಳಿ ಪ್ರಾಣ ಬಿಟ್ಟಿತ್ತು.

ಇದಕ್ಕೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಿದರಾಯಿತು ಎನ್ನುವವರಿದ್ದಾರೆ. ದೀಪದ ತಂತಿಗೆ ಒಂದನ್ನು ಹಾಕಿಯೂ ನೋಡಿದೆ, ದೀಪ ಆರಿತು. ಆದರೆ ಸ್ವಿಚ್ ಆನ್ ಇದ್ದಾಗಲೇ ರಿವರ್ಸ್ ಗೇರ್ ಹಾಕಿದರೆ ಇನ್ನೊಂದು ಪೀಕಲಾಟ. ಎಂಜಿನ್ ಓಡುತ್ತಿರುವಾಗ ದೀಪದ ತಂತಿಯಲ್ಲಿ ಸುಮಾರು 14 ವೋಲ್ಟ್ ಇರುತ್ತದೆ, ಎರಡನೇ ಬ್ಯಾಟರಿಯಲ್ಲಿ 12.5. ಆ ಬಡಕಲು ತಂತಿಯ ಮೂಲಕ ಒಂದು ಬ್ಯಾಟರಿ ಇನ್ನೊಂದನ್ನು ಚಾರ್ಜ್ ಮಾಡಲು ಹೊರಡುತ್ತದೆ. ಅದನ್ನು ತಡೆಯಲು ಎರಡನೇ ತಂತಿಗೂ ಒಂದು ಡಯೋಡ್ ಬೇಕು. ಬೆಸುಗೆ, ಅದರ ಮೇಲೆ ಹೊದಿಸುವ ಕೊಳವೆ, ತೇವ ತಾಗದಂತೆ ಕಾವಲು, ಜೊತೆಗೆ ಪ್ರತಿ ಡಯೋಡಿಗೂ ಸುಮಾರು 0.7 ವೋಲ್ಟ್ ತೆರಿಗೆ. ಬೆಸುಗೆ ಕಡ್ಡಿ ಹಿಡಿದರೆ ಕೈ ನಡುಗುವ ನನ್ನಂಥವನಿಗೆ ಇದು ಹೇಳಿಸಿದ ಕೆಲಸವಲ್ಲ.

ಮೂರನೆಯದು ಇಗ್ನಿಷನ್ ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಫ್ಯೂಸಿನಿಂದ ಕರೆಂಟು ತೆಗೆಯುವುದು. ಎಲ್ಲಕ್ಕಿಂತ ಸುಲಭ, ಒಂದು ಗಂಟೆಯ ಕೆಲಸ. ಓಡಿಸುವಾಗ ಸದಾ ಚಿತ್ರ ಇರುತ್ತದೆ, ಬೆಳಕು ಕಣ್ಣಿಗೆ ಚುಚ್ಚಿದರೆ ಪರದೆಯ ಗುಂಡಿ ಒತ್ತಬೇಕು. ಆದರೆ ರಾತ್ರಿ ಹೊರಗೆ ಯಾರಿದ್ದಾರೆಂದು ನೋಡಲು ಹಾಸಿಗೆಯಿಂದ ಎದ್ದು, ಕೀಲಿ ಹುಡುಕಿ, ತಿರುಗಿಸಬೇಕು. ಅಷ್ಟರಲ್ಲಿ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹೊತ್ತಿ, ನಾನು ಎದ್ದಿದ್ದೇನೆಂದು ಹೊರಗಿದ್ದವರಿಗೇ ಮೊದಲು ಗೊತ್ತಾಗುತ್ತದೆ. ಮಲಗುವುದು ಹೋಟೆಲಿನಲ್ಲಿ ಎನ್ನುವವರಿಗೆ ಇದೇ ಸಾಕು.

ಇನ್ನು ನನ್ನ ಮೂರು ಸ್ಥಾನದ ಸ್ವಿಚ್. ಅದರ ಹಿಂದೆ ತಂತಿ ಸಿಕ್ಕಿಸಲು ಮೂರು ಕಾಲುಗಳಿವೆ. ನಡುವಿನದಕ್ಕೆ ಕ್ಯಾಮೆರಾ ಮತ್ತು ಪರದೆ, ಒಂದು ತುದಿಗೆ ರಿವರ್ಸ್ ದೀಪದ ತಂತಿ, ಇನ್ನೊಂದಕ್ಕೆ ಎರಡನೇ ಬ್ಯಾಟರಿ. ಒಂದು ಬದಿ ಬಿಟ್ಟ ಮೇಲೆಯೇ ಇನ್ನೊಂದು ಬದಿ ಹಿಡಿಯುವುದರಿಂದ ಎರಡು ತಂತಿಗಳು ಪರಸ್ಪರ ಮುಖ ನೋಡುವುದೇ ಇಲ್ಲ. ಡಯೋಡ್ ಬೇಡ, ಬೆಸುಗೆ ಬೇಡ, ಒತ್ತುವ ಕ್ಲಿಪ್ಪು ಸಾಕು. ಎರಡೂ ತಂತಿಗಳಿಗೆ, ಕರೆಂಟು ತೆಗೆದ ಜಾಗದ ಹತ್ತಿರವೇ, 2 ಆಂಪಿಯರಿನ ಒಂದೊಂದು ಫ್ಯೂಸ್ ಹಾಕಿದ್ದೇನೆ. ಖರ್ಚಿನ ಲೆಕ್ಕ ಹಿಡಿದರೆ ಡಯೋಡಿನ ಸಾಹಸಕ್ಕೆ ತೆತ್ತದ್ದರಲ್ಲಿ ಇಂಥ ಎರಡು ಸ್ವಿಚ್ ಬರುತ್ತಿತ್ತು.

ಕೊಳ್ಳುವಾಗ ಒಂದು ಎಚ್ಚರ. ಪೊಟ್ಟಣದ ಮೇಲೆ ಆನ್-ಆಫ್-ಆನ್ ಎಂದಿರಬೇಕು. ಆನ್-ಆನ್ ಎಂದರೆ ನಡುವಿನ ವಿಶ್ರಾಂತಿ ಇಲ್ಲ. ಆನ್ ಎಂಬುದು ಆವರಣ ಚಿಹ್ನೆಯೊಳಗಿದ್ದರೆ ಕೈ ಬಿಟ್ಟ ಕೂಡಲೇ ನಡುವಿಗೆ ಚಿಮ್ಮುವ ಸ್ಪ್ರಿಂಗ್ ಸ್ವಿಚ್ ಎಂದರ್ಥ. ನಾನು ಮೊದಲು ತಂದದ್ದು ಅದನ್ನೇ. ಇನ್ನೊಂದು ವಿಷಯ, ಕಡ್ಡಿಯನ್ನು ಮೇಲಕ್ಕೆತ್ತಿದರೆ ಸೇರುವುದು ಸಾಮಾನ್ಯವಾಗಿ ಹಿಂಬದಿಯ ಕೆಳಗಿನ ಕಾಲು. ಮೀಟರ್ ಹಿಡಿದು ನೋಡದೆ ಚೀಟಿ ಅಂಟಿಸಿದ್ದರಿಂದ ಒಂದು ವಾರ ನನ್ನ ಸ್ವಿಚ್ ತಲೆಕೆಳಗಾಗಿಯೇ ಇತ್ತು.

ರಾತ್ರಿ ಆರಿಸಲು ಮರೆತರೆ? 0.6 ಆಂಪಿಯರಿನಂತೆ ಹತ್ತು ಗಂಟೆಗೆ 6 ಆಂಪಿಯರ್-ಗಂಟೆ ಹೋಗುತ್ತದೆ. ನನ್ನ 100ರ ಬ್ಯಾಟರಿಗೆ ಅದು ಲೆಕ್ಕವಲ್ಲ. ಮೇಲಾಗಿ ಪರದೆಯ ನೀಲಿ ಬೆಳಕು ನೇರ ದಿಂಬಿನ ಮೇಲೆ ಬೀಳುವುದರಿಂದ ಮರೆಯಲು ಹೆಂಡತಿ ಬಿಡುವುದಿಲ್ಲ.

ದೀಪಗಳನ್ನು ಕಂಪ್ಯೂಟರ್ ನಿಯಂತ್ರಿಸುವ ಹೊಸ ವಾಹನಗಳಲ್ಲಿ ರಿವರ್ಸ್ ತಂತಿಯ ಕರೆಂಟು ಮಿಡಿಮಿಡಿದು ಬಂದು ಚಿತ್ರ ನಡುಗುವುದುಂಟು. ಅಂಥವರು ಆ ತಂತಿಯ ಗೊಡವೆಗೇ ಹೋಗದೆ ಮೂರನೆಯ ದಾರಿ ಹಿಡಿಯುವುದು ಮೇಲು. ನನ್ನ ವ್ಯಾನು ಹಳೆಯದು, ಅದರ ರಿವರ್ಸ್ ದೀಪಗಳು ಈಗ ಹಿಂದಕ್ಕೆ ಹೋಗುವಾಗ ಮಾತ್ರ ಉರಿಯುತ್ತವೆ. ರಾತ್ರಿ ಹೆದ್ದಾರಿಯಲ್ಲಿ ಪರದೆ ಬಹುಮಟ್ಟಿಗೆ ಕಪ್ಪು.