ಟೆಕ್ಸಾಸ್ ಮತ್ತು ಮ್ಯಾಸಚೂಸೆಟ್ಸ್: ಬಂದೂಕು ಕಾನೂನಿನ ಎರಡು ದಾರಿಗಳು

ಅಮೆರಿಕದ ಪೌರತ್ವ ಪಡೆದು ಮೊದಲ ಬಾರಿ ಮತ ಹಾಕಲಿರುವ ಕನ್ನಡಿಗರು ಬಂದೂಕಿನ ವಿಷಯದಲ್ಲಿ ನಿಲುವು ತಳೆಯುವ ಮುನ್ನ ಈ ಎರಡು ರಾಜ್ಯಗಳನ್ನು ಹೋಲಿಸಿ ನೋಡುವುದು ಒಳ್ಳೆಯದು. ಟೆಕ್ಸಾಸ್‌ನಲ್ಲಿ 2021ರಿಂದ, ಕಾನೂನಿನ ಅಡ್ಡಿಯಿಲ್ಲದ ವಯಸ್ಕರು ಪರವಾನಗಿಯಿಲ್ಲದೆಯೇ ಕೈಬಂದೂಕನ್ನು ಒಯ್ಯಬಹುದು. ಪೊಲೀಸರು ತಲುಪಲು ಬಹಳ ಹೊತ್ತು ಹಿಡಿಯುವ ಒಂಟಿಮನೆಗಳವರಿಗೆ ತಮ್ಮ ರಕ್ಷಣೆಗೆ ಬಂದೂಕು ಸುಲಭವಾಗಿ ಕೈಗೆ ಸಿಗಬೇಕೆಂಬುದು ಹುರುಳಿಲ್ಲದ ವಾದವಲ್ಲ. ಮ್ಯಾಸಚೂಸೆಟ್ಸ್‌ನಲ್ಲಾದರೋ ಸ್ಥಳೀಯ ಪೊಲೀಸರಿಂದ ಪರವಾನಗಿ ಪಡೆಯಬೇಕು, ಸುರಕ್ಷತಾ ತರಬೇತಿ ಮುಗಿಸಿರಬೇಕು, ಮನೆಯಲ್ಲಿ ಬಂದೂಕಿಗೆ ಬೀಗ ಹಾಕಿಡಬೇಕು. ಆತ್ಮರಕ್ಷಣೆಗಾಗಿ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದು ವೈಯಕ್ತಿಕ ಹಕ್ಕೆಂದು ಸುಪ್ರೀಂ ಕೋರ್ಟ್ 2008ರ ಹೆಲರ್ ಪ್ರಕರಣದಲ್ಲಿ ತೀರ್ಪಿತ್ತಿರುವುದರಿಂದ ಪೂರ್ಣ ನಿಷೇಧದ ಪ್ರಶ್ನೆ ಎರಡೂ ಕಡೆ ಏಳುವುದಿಲ್ಲ. ಆ ದೇಶದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳೇ (ಚರ್ಚೆಯ ಬಿಸಿಯಲ್ಲಿ ಇದನ್ನು ಮರೆಯುವವರೇ ಹೆಚ್ಚು) ಆಗಿರುವಾಗ, ದುಡುಕಿನ ಗಳಿಗೆಗೂ ಬಂದೂಕಿಗೂ ನಡುವೆ ಬೀಗವೊಂದನ್ನು ಇಡುವ ಮ್ಯಾಸಚೂಸೆಟ್ಸ್ ಕಾನೂನನ್ನೇ, ಅದರಲ್ಲೂ ಮಕ್ಕಳಿರುವ ಮನೆಯವರು, ಬೆಂಬಲಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ.