ಬಾಲ ನೋಡಬೇಕೋ, ಪ್ರಶ್ನೆ ಕೇಳಬೇಕೋ?

ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಮೂವತ್ತು ದಾಟಿದ ಮೇಲೆ ಸರ್ಕಾರಿ ಕೆಲಸದ ಪರೀಕ್ಷೆಗೆಂದು ಇಂಗ್ಲಿಷ್ ವ್ಯಾಕರಣ ಹಿಡಿದೆ. ವರ್ಬ್ (ಕ್ರಿಯಾಪದ), ಅಡ್ಜೆಕ್ಟಿವ್ (ನಾಮಪದದ ಗುಣ ಹೇಳುವ ಪದ), ಅಡ್ವರ್ಬ್ (ಕ್ರಿಯೆ ಹೇಗೆ, ಯಾವಾಗ ನಡೆಯಿತೆಂದು ಹೇಳುವ ಪದ) ಇವುಗಳನ್ನು ಗುರುತಿಸಲು ಎರಡು ದಾರಿಗಳಲ್ಲಿ ನಡೆದು ನೋಡಿದ್ದೇನೆ.

ಮೊದಲನೆಯದು ದಾವಣಗೆರೆಯ ತರಬೇತಿ ಕೇಂದ್ರವೊಂದರಲ್ಲಿ ಕಲಿತ ಬಾಲದ ದಾರಿ. ಪದದ ಕೊನೆಗೆ ‘ಲಿ’ ಇದ್ದರೆ ಅಡ್ವರ್ಬ್, ಇಲ್ಲದಿದ್ದರೆ ಅಡ್ಜೆಕ್ಟಿವ್. ಸ್ಲೋ, ಸ್ಲೋಲಿ, ಕ್ವಿಕ್, ಕ್ವಿಕ್ಲಿ. ಒಂದೇ ಸಂಜೆಯಲ್ಲಿ ಬಾಯಿಪಾಠವಾಯಿತು. ಮಾದರಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮುಗ್ಗರಿಸಿದೆ. ಫ್ರೆಂಡ್ಲಿ, ಲೋನ್ಲಿ ಎಂಬವಕ್ಕೆ ಬಾಲವಿದೆ, ಆದರೂ ಅಡ್ಜೆಕ್ಟಿವ್. ‘ಹೀ ರನ್ಸ್ ಫಾಸ್ಟ್’ ಎಂಬಲ್ಲಿ ಫಾಸ್ಟ್ ಬಾಲವಿಲ್ಲದ ಅಡ್ವರ್ಬ್. ಕಷ್ಟಪಟ್ಟು ದುಡಿಯುತ್ತೇನೆ ಎನ್ನಲು ಹಾರ್ಡ್‌ಗೆ ಬಾಲ ಅಂಟಿಸಿ ‘ಐ ಹಾರ್ಡ್ಲಿ ವರ್ಕ್’ ಎಂದು ಬರೆದೆ. ದುಡಿಯುವುದೇ ಅಪರೂಪ ಎಂದು ನಾನೇ ಒಪ್ಪಿಕೊಂಡಂತಾಯಿತು. ನನ್ನ ಹೆಂಡತಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಎರಡನೆಯ ದಾರಿ ಬೆಣ್ಣೆದೋಸೆಯ ಮುಂದೆ ಕುಳಿತಾಗ ಹೊಳೆಯಿತು. ಕನ್ನಡದಲ್ಲಿ ಪ್ರಶ್ನೆ ಕೇಳುವುದು. ಬಿಸಿ ದೋಸೆ: ಎಂತಹ ದೋಸೆ? ಅಡ್ಜೆಕ್ಟಿವ್. ಬೇಗ ತಿಂದ: ಹೇಗೆ ತಿಂದ? ಅಡ್ವರ್ಬ್. ತುಂಬಾ ಬಿಸಿ: ಎಷ್ಟು ಬಿಸಿ? ಇದೂ ಅಡ್ವರ್ಬ್. ಅಡ್ವರ್ಬ್ ಎಂಬುದು ಅಡ್ಜೆಕ್ಟಿವ್‌ಗೂ ವಿಶೇಷಣವಾಗಬಲ್ಲದು ಎಂದು ತರಗತಿಯಲ್ಲಿ ಯಾರೂ ಹೇಳಿರಲಿಲ್ಲ.

ಈ ದಾರಿಯಲ್ಲಿಯೂ ಗುಂಡಿಯಿದೆ, ಅದೂ ನಮ್ಮ ಭಾಷೆಯೇ ತೋಡಿದ ಗುಂಡಿ. ‘ಚೆನ್ನಾಗಿ ಹಾಡಿದಳು’, ‘ದೋಸೆ ಚೆನ್ನಾಗಿದೆ’. ನಮಗೆ ಎರಡು ಕಡೆಯೂ ಅದೇ ‘ಚೆನ್ನಾಗಿ’, ಎರಡಕ್ಕೂ ಪ್ರಶ್ನೆ ‘ಹೇಗೆ’. ಇಂಗ್ಲಿಷಿನಲ್ಲಿ ಹಾಡಿಗೆ ವೆಲ್, ದೋಸೆಗೆ ಗುಡ್. ಟೇಸ್ಟ್, ಸ್ಮೆಲ್, ಲುಕ್, ಫೀಲ್ ಎಂಬ ವರ್ಬ್‌ಗಳು ಬಂದಾಗಲೆಲ್ಲ ಬಹುಕಾಲ ಇಲ್ಲಿಯೇ ಬಿದ್ದೆ. ಈಗ ಒಂದು ಉಪಾಯ ಮಾಡುತ್ತೇನೆ: ಆ ವರ್ಬ್ ತೆಗೆದು ‘ಈಸ್’ ಇಡುತ್ತೇನೆ. ‘ದಿ ದೋಸೆ ಟೇಸ್ಟ್ಸ್ ಗುಡ್’ ಎಂಬುದು ‘ದಿ ದೋಸೆ ಈಸ್ ಗುಡ್’ ಆದರೂ ವಾಕ್ಯ ನಿಲ್ಲುತ್ತದೆ, ಆದ್ದರಿಂದ ಅಡ್ಜೆಕ್ಟಿವ್. ‘ಹೀ ಈಟ್ಸ್ ಕ್ವಿಕ್ಲಿ’ ಎಂಬಲ್ಲಿ ‘ಈಸ್’ ಇಟ್ಟರೆ ವಾಕ್ಯ ಕುಸಿಯುತ್ತದೆ, ಆದ್ದರಿಂದ ಅಡ್ವರ್ಬ್.

ವರ್ಬ್ ವಿಷಯದಲ್ಲಿ ಎರಡು ದಾರಿಗಳೂ ದಂಡ. ‘ನಮ್ಮಣ್ಣ ಶಿಕ್ಷಕ’ ಎಂದರೆ ಕನ್ನಡದಲ್ಲಿ ವಾಕ್ಯ ಪೂರ್ಣ, ಕ್ರಿಯಾಪದವೇ ಬೇಡ. ಇಂಗ್ಲಿಷಿನಲ್ಲಿ ‘ಈಸ್’ ಇಲ್ಲದೆ ನಡೆಯದು. ಇದನ್ನು ಬರೆದು ಬರೆದೇ ರೂಢಿಸಿಕೊಳ್ಳಬೇಕಾಯಿತು. ನಡುವೆ ಮೊಬೈಲ್ ಆ್ಯಪ್ ಒಂದನ್ನೂ ಹತ್ತು ದಿನ ಬಳಸಿದೆ; ಸರಿಯುತ್ತರಕ್ಕೆ ಗಂಟೆ ಬಾರಿಸುತ್ತಿತ್ತು, ಏಕೆ ಸರಿ ಎಂದು ಹೇಳುತ್ತಿರಲಿಲ್ಲ.

ಪರೀಕ್ಷೆ ನಾಳೆಯೇ ಇದ್ದರೆ ಬಾಲ ಹಿಡಿಯಿರಿ, ಬೇಡವೆನ್ನುವುದಿಲ್ಲ. ನನ್ನ ಮತ ಮಾತ್ರ ಪ್ರಶ್ನೆಗೆ. ‘ಅರ್ಲಿ’ ಪದವನ್ನೇ ನೋಡಿ. ‘ದಿ ಅರ್ಲಿ ಬಸ್’ ಎಂದಾಗ ಎಂತಹ ಬಸ್? ‘ದಿ ಬಸ್ ಕೇಮ್ ಅರ್ಲಿ’ ಎಂದಾಗ ಯಾವಾಗ ಬಂತು? ಬಾಲ ಎರಡರಲ್ಲಿಯೂ ಅದೇ. ಚಿತ್ರದುರ್ಗಕ್ಕೆ ಹೋಗುವ ಬೆಳಗಿನ ಬಸ್ಸಿಗೆ ಕಾಯುತ್ತಾ ಇದನ್ನು ಬಿಡಿಸಿಕೊಂಡೆ. ಬಸ್ ಮಾತ್ರ ಅರ್ಲಿ ಬರಲಿಲ್ಲ.